ಮುಳುಗುವುದು ಸುಲಭ, ನಿಲ್ಲುವುದೇ ಕಷ್ಟ ಮಾರಾಯ್ರೆ!

ಮನೆಯ ಹಿತ್ತಿಲಲ್ಲಿ ವೆಲ್ಡಿಂಗ್ ಮಾಡಿ, ಒಬ್ಬರೋ ಇಬ್ಬರೋ ಕೂರುವಂಥ ಪುಟ್ಟ ಸಬ್‌ಮರೀನ್ ಕಟ್ಟುವ ಮಂದಿ ಜಗತ್ತಿನಲ್ಲಿ ಸಾಕಷ್ಟು ಇದ್ದಾರೆ. ಅವರ ವಿಡಿಯೋ ನೋಡುವುದು ನನಗೊಂದು ಚಟ. ಆಫೀಸಿನಲ್ಲಿ ಬಿಲ್ಡ್ ಮುಗಿಯುವವರೆಗೆ ಇನ್ನೇನು ಮಾಡುವುದು ಹೇಳಿ :) ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಷ್ಟು ಆಳಕ್ಕೆ ಹೋಗ್ತದೆ?" ಎರಡನೆಯದು, "ಒಡೆದು ಹೋಗುದಿಲ್ವಾ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಹೆಜಮಾಡಿಯಂಥ ನಮ್ಮ ಕರಾವಳಿಯ ಮಟ್ಟಿಗೆ ಮೊದಲು ಕೇಳಬೇಕಾದ್ದು ಬೇರೆ. ನೀರೊಳಗೆ ಹೋದ ಮೇಲೆ ಅದು ನೀವು ಹೇಳಿದ ಜಾಗದಲ್ಲಿ, ನೀವು ಹೇಳಿದಷ್ಟು ಹೊತ್ತು ನಿಲ್ಲುತ್ತದಾ? ಈ ಪ್ರಶ್ನೆಗೆ ಒಂದೊಂದೇ ಲೆಕ್ಕ ಹಾಕಿ ಉತ್ತರ ಬರೆಯುತ್ತಾ ಹೋದರೆ, ಕೊನೆಗೆ ಕಾಗದದ ಮೇಲೆ ಉಳಿಯುವುದು ಸೀಟು ಇಲ್ಲದ ಒಂದು ಯಂತ್ರ. ನಮ್ಮ ಊರಿಗೆ ಬೇಕಾಗಿರುವುದೂ ಅದೇ ಅನ್ನುವುದು ನನ್ನ ವಾದ. ಸ್ವಲ್ಪ ಉದ್ದ ಇದೆ, ಚಹಾ ಹಿಡಿದುಕೊಂಡು ಬನ್ನಿ.

ಮೊದಲು ಟೈಟನ್ ಕತೆ ಮುಗಿಸಿಬಿಡೋಣ, ಇಲ್ಲದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತೀರಿ. 2023ರ ಜೂನ್ 18ರಂದು ಟೈಟಾನಿಕ್ ನೋಡಲು ಹೊರಟ ಟೈಟನ್ ಒಳಕ್ಕೆ ಕುಸಿದು ಐದು ಜನ ತೀರಿಕೊಂಡರು. ಆಗ ನಮ್ಮ ಟಿವಿಯವರಿಂದ ಹಿಡಿದು ವಾಟ್ಸಾಪ್ ಪಂಡಿತರ ತನಕ ಎಲ್ಲರೂ ನಕ್ಕಿದ್ದು ಅದರ ಗೇಮ್ ಕಂಟ್ರೋಲರ್ ನೋಡಿ. "ಮಕ್ಕಳಾಟಿಕೆಯಲ್ಲಿ ಸಬ್‌ಮರೀನ್ ಓಡಿಸಿದ್ರಂತೆ!" ಅಸಲಿಗೆ ಕಂಟ್ರೋಲರ್ ಪಾಪ, ಅದರ ತಪ್ಪೇನಿಲ್ಲ. ಅಮೆರಿಕದ ನೌಕಾಪಡೆಯ ಯುಎಸ್‌ಎಸ್ ಕೊಲೊರಾಡೋ ಸಬ್‌ಮರೀನ್‌ನಲ್ಲೂ ಪೆರಿಸ್ಕೋಪ್ ಬದಲಿಗೆ ಇರುವ ಕ್ಯಾಮೆರಾ ಕಂಬವನ್ನು 2018ರಿಂದ ತಿರುಗಿಸುತ್ತಿರುವುದು ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಿಂದಲೇ. ಟೈಟನ್‌ನಲ್ಲಿ ಕೈಕೊಟ್ಟದ್ದು ಕಾರ್ಬನ್ ಫೈಬರ್ ಮೈ. ವಿನ್ಯಾಸ, ತಪಾಸಣೆ, ನಿರ್ವಹಣೆ ಯಾವುದನ್ನೂ ಸರಿಯಾಗಿ ಮಾಡಿರಲಿಲ್ಲ, ಈ ದುರಂತವನ್ನು ತಪ್ಪಿಸಬಹುದಿತ್ತು ಅಂತ ಅಮೆರಿಕದ ಕೋಸ್ಟ್ ಗಾರ್ಡ್ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು.

ನನ್ನ ಗಮನ ಸೆಳೆದದ್ದು ಅದಕ್ಕಿಂತ ಹಿಂದಿನ ಒಂದು ಘಟನೆ. 2022ರ ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ಅದು ದಾಖಲಾಗಿದೆ. ಸಮುದ್ರದ ತಳ ಮುಟ್ಟಿದ ಮೇಲೆ ಪೈಲಟ್ ಮುಂದೆ ಹೋಗಲು ನೋಡುತ್ತಾನೆ, ಟೈಟನ್ ನಿಂತಲ್ಲೇ ಸುತ್ತುತ್ತದೆ. ಒಂದು ಥ್ರಸ್ಟರ್ ಹಿಂದುಮುಂದಾಗಿ ಕೂತಿತ್ತು! ಟೈಟಾನಿಕ್ ಇದ್ದದ್ದು ಕೂಗಳತೆಯ ದೂರದಲ್ಲಿ. ಕೊನೆಗೆ ಮೇಲಿನ ಹಡಗಿನವರ ಜೊತೆ ಮಾತಾಡಿ, ಕಂಟ್ರೋಲರ್‌ನ ಗುಂಡಿಗಳ ಅರ್ಥವನ್ನೇ ಬದಲಾಯಿಸಿ ಕೆಲಸ ಸಾಗಿಸಿದರು. ಹಾರ್ಡ್‌ವೇರ್ ಬಗ್ಗನ್ನು ಕೀ ಮ್ಯಾಪಿಂಗ್‌ನಲ್ಲಿ ಮುಚ್ಚಿದ್ದು! ನಮ್ಮ ವೃತ್ತಿಯವರು ಇದನ್ನು ಓದಿ ಒಳಗೊಳಗೇ ನಗುತ್ತಾರೆ, ಯಾಕೆಂದರೆ ಶುಕ್ರವಾರ ಸಂಜೆ ರಿಲೀಸ್ ಇದ್ದರೆ ನಾವು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಗಮನಿಸಿ, ಸುಮಾರು 3,800 ಮೀಟರ್ ಆಳಕ್ಕೆ ಇಳಿಯುವಷ್ಟು ಧೈರ್ಯ ಮಾಡಿದವರಿಗೆ ನಾಲ್ಕು ಥ್ರಸ್ಟರ್‌ಗಳನ್ನು ನೀರಿಗಿಳಿಸುವ ಮುಂಚೆ ಒಂದೊಂದಾಗಿ ತಿರುಗಿಸಿ ನೋಡುವುದು ಮುಖ್ಯ ಅನ್ನಿಸಲಿಲ್ಲ. ಆಳದ ಮೋಹ ಅಂದರೆ ಇದು.

ಇನ್ನು ಥ್ರಸ್ಟರ್ ಯಾಕೆ ಬೇಕು ಅನ್ನುವುದಕ್ಕೆ ಬರೋಣ. ದೊಡ್ಡ ಸಬ್‌ಮರೀನ್ ತಿರುಗುವುದು ಚುಕ್ಕಾಣಿಯಿಂದ, ಏರಿಳಿಯುವುದು ಮೀನಿನ ರೆಕ್ಕೆಯಂಥ ಹಲಗೆಗಳಿಂದ. ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹರಿಯುವ ನೀರಿನಿಂದ, ಅದೂ ವೇಗದ ವರ್ಗಕ್ಕೆ ತಕ್ಕಂತೆ. ವೇಗ ಅರ್ಧವಾದರೆ ಬಲ ಕಾಲು ಭಾಗ. ಗಂಟೆಗೆ ಎರಡು ಮೂರು ಕಿಲೋಮೀಟರ್ ತೆವಳುವ ಹಿತ್ತಿಲ ಸಬ್‌ಮರೀನ್‌ಗೆ ಚುಕ್ಕಾಣಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಅವರೆಲ್ಲ ಹಾಕುವುದು ಥ್ರಸ್ಟರ್, ಅಂದರೆ ಮೋಟರ್ ಮತ್ತು ಪ್ರೊಪೆಲ್ಲರ್ ಒಟ್ಟಿಗಿರುವ ಒಂದು ಉಂಡೆ. ಎಡಕ್ಕೊಂದು ಬಲಕ್ಕೊಂದು. ಎರಡೂ ಮುಂದಕ್ಕೆ ತಿರುಗಿದರೆ ಮುಂದೆ, ಒಂದು ಮುಂದೆ ಒಂದು ಹಿಂದೆ ತಿರುಗಿದರೆ ನಿಂತಲ್ಲೇ ಗಿರಕಿ. ಮೇಲೆ ಕೆಳಗೆ ಹೋಗಲು ನೆಟ್ಟಗೆ ನಿಲ್ಲಿಸಿದ ಇನ್ನೆರಡು. ಎಡಬಲದವು ಮಧ್ಯದಿಂದ ದೂರ ಇದ್ದಷ್ಟೂ ತಿರುಗಿಸುವ ಶಕ್ತಿ ಹೆಚ್ಚು. ಹೈಸ್ಕೂಲಿನ ಸನ್ನೆಗೋಲಿನ ಪಾಠ, ಅಷ್ಟೇ.

ಬಡವರ ಥ್ರಸ್ಟರ್ ಅಂದರೆ ಅಮೆರಿಕದಲ್ಲಿ ಗಾಳ ಹಾಕುವವರು ದೋಣಿಗೆ ಕಟ್ಟಿಕೊಳ್ಳುವ ಬ್ಯಾಟರಿ ಮೋಟರ್. ಅದರಲ್ಲಿ ಪ್ರಸಿದ್ಧವಾದ ಹೆಸರು ಮಿನ್ ಕೋಟಾ. (ಮಿನ್ನೆಸೋಟ ಮತ್ತು ಡಕೋಟ ಸೇರಿ ಆದ ಹೆಸರು. ನಮ್ಮ ಸಾಲಿಗ್ರಾಮದ ಪಕ್ಕದ ಕೋಟಕ್ಕೂ ಇದಕ್ಕೂ ಸಂಬಂಧ ಇಲ್ಲ, ದಯವಿಟ್ಟು ಯಾರೂ ಹೆಮ್ಮೆ ಪಡಬೇಡಿ :) ) 12 ವೋಲ್ಟ್‌ನ, 55 ಪೌಂಡ್ ನೂಕುಬಲದ ಮೋಟರ್ ಅಂದರೆ ಸುಮಾರು 25 ಕೆಜಿ ತಳ್ಳುತ್ತದೆ, ಪೂರ್ತಿ ಓಡಿಸಿದರೆ 50 ಆಂಪಿಯರ್ ಆಸುಪಾಸು ಕುಡಿಯುತ್ತದೆ. ಒಳಗೆ ನೀರು ನುಗ್ಗದಿರಲಿ ಅಂತ ಎಣ್ಣೆ ತುಂಬಿಸಿ, ಹೊರಗಿನ ಒತ್ತಡಕ್ಕೆ ಒಳಗಿನ ಒತ್ತಡ ಸಮವಾಗುವಂತೆ ಮಾಡುತ್ತಾರೆ. ಎಲ್ಲ ಜಾಣತನದ ಕೆಲಸವೇ.

ಈಗ ಅಂಥದೊಂದನ್ನು ಲಾರಿಯಲ್ಲಿ ಹೆಜಮಾಡಿ ಕೋಡಿಗೆ ತಂದಿದ್ದೇವೆ ಅಂದುಕೊಳ್ಳಿ. (ಟೋಲ್ ಗೇಟಿನಲ್ಲಿ ಅದಕ್ಕೆ ಯಾವ ದರ ಹಾಕುತ್ತಾರೋ! ಹೆಜಮಾಡಿಯಲ್ಲೇ ಕರಾವಳಿ ಕಾವಲು ಪೊಲೀಸ್ ಠಾಣೆ ಬೇರೆ ಇದೆ, ಅಲ್ಲಿನ ಪ್ರಶ್ನೆಗಳಿಗೆ ಉತ್ತರ ನೀವೇ ಕೊಡಬೇಕು.) ಕೋಡಿ ನೋಡದವರಿಗೆ ಹೇಳುವುದಾದರೆ, ಉತ್ತರದಿಂದ ಶಾಂಭವಿ, ದಕ್ಷಿಣದಿಂದ ನಂದಿನಿ ಬಂದು ಸೇರಿ ಕಡಲಿಗೆ ಬೀಳುವ ಅಳಿವೆ ಬಾಗಿಲು ಅದು. ಈಚೆ ಹೆಜಮಾಡಿ, ಆಚೆ ಸಸಿಹಿತ್ಲು, ಒಳಗೆ ಮೂಲ್ಕಿ. ನಮ್ಮ ಸಬ್‌ಮರೀನ್ ಒಂದೂವರೆ ಘನ ಮೀಟರ್ ಗಾತ್ರದ್ದು, ಒಬ್ಬರು ಕೂರುವಂಥದ್ದು ಅಂತಿರಲಿ.

ಮೊದಲ ಸಮಸ್ಯೆ ಉಪ್ಪು. ಒಂದು ಘನ ಮೀಟರ್ ಹೊಳೆ ನೀರು 1,000 ಕೆಜಿ, ಕಡಲ ನೀರು ಸುಮಾರು 1,025 ಕೆಜಿ. ಅಂದರೆ ಕಡಲಲ್ಲಿ ಸರಿಯಾಗಿ ತೂಗಿಸಿ, ಏಳದೆ ಮುಳುಗದೆ ನಿಲ್ಲಿಸಿದ ನಮ್ಮ ಸಬ್‌ಮರೀನ್, ಹೊಳೆ ನೀರಿನೊಳಗೆ ನುಸುಳಿದ ಕ್ಷಣ 37 ಕೆಜಿ ಭಾರವಾಗುತ್ತದೆ. ಯಾರೂ ಏನೂ ಹೇರಿಲ್ಲ, ನೀರು ಬದಲಾಯಿತು ಅಷ್ಟೇ. ಮೇಲಕ್ಕೆ ತಳ್ಳುವ ಥ್ರಸ್ಟರ್ ಒಂದೇ ಇದ್ದರೆ ಅದರ 25 ಕೆಜಿ ಸಾಲುವುದಿಲ್ಲ. ಎರಡಿದ್ದರೆ ಸಾಲುತ್ತದೆ, ಆದರೆ ಮುಕ್ಕಾಲು ಜೋರಿನಲ್ಲಿ ಓಡುತ್ತಲೇ ಇರಬೇಕು, ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ಮಳೆಗಾಲದಲ್ಲಿ ಇನ್ನೂ ಮಜಾ. ಹಗುರವಾದ ಹೊಳೆ ನೀರು ಮೇಲೆ, ಭಾರವಾದ ಉಪ್ಪು ನೀರು ಕೆಳಗೆ ಬೆಣೆಯಂತೆ ನುಗ್ಗಿರುತ್ತದೆ. ಮೇಲಿನ ನೀರಿಗೆ ತೂಗಿಸಿಕೊಂಡು ಮುಳುಗಿದರೆ ಮಧ್ಯದಲ್ಲೆಲ್ಲೋ ಕಾಣದ ನೆಲದ ಮೇಲೆ ಕೂತ ಹಾಗೆ ನಿಂತುಬಿಡುತ್ತದೆ. ಇಳಿಯಲಿ ಅಂತ ತೊಟ್ಟಿಗೆ ನೀರು ತುಂಬಿಸಿಕೊಂಡಿರೋ, ಮತ್ತೆ ಸಿಹಿನೀರು ಸಿಕ್ಕಿದ ಕೂಡಲೇ ತಳ.

ಹಾಗಾಗಿ ಥ್ರಸ್ಟರ್ ಇರುವುದು ಚಲಿಸುವುದಕ್ಕೆ, ತೂಕ ಹೊರುವುದಕ್ಕೆ ಬಳಸಬಾರದು. ತೂಕ ಹೊರುವ ಕೆಲಸ ಗಾಳಿ ನೀರಿನ ತೊಟ್ಟಿಗಳದ್ದು, ಎಲ್ಲ ಕೈಕೊಟ್ಟರೆ ಕಳಚಿ ಬೀಳಿಸುವ ಸೀಸದ ಗಟ್ಟಿಯದ್ದು.

ಎರಡನೆಯದು ಸೆಳೆತ. ಸೆಕೆಂಡಿಗೆ ಒಂದು ಮೀಟರ್, ಅಂದರೆ ಸುಮಾರು 2 ನಾಟ್ ಹರಿವು ಎದುರಿನಿಂದ ಬಂದರೆ ನಮ್ಮ ಸಬ್‌ಮರೀನ್ ಮೇಲೆ 16-17 ಕೆಜಿ ಬಲ ಬೀಳುತ್ತದೆ (ಮುಖದ ಅಗಲ 0.8 ಚದರ ಮೀಟರ್ ಅಂತ ಹಿಡಿದ ಅಂದಾಜು). ಎರಡು ಮೋಟರ್‌ನ 50 ಕೆಜಿ ಅದಕ್ಕೆ ಸಾಕು. ಅದೇ ಹರಿವು ಅಡ್ಡದಿಂದ ಹೊಡೆದರೆ? ಪಕ್ಕದ ಮೈ ಮೂರು ಚದರ ಮೀಟರ್ ಅಂದರೂ 150 ಕೆಜಿ ದಾಟುತ್ತದೆ. ಎದುರಿಗೆ 3 ನಾಟ್ ತಡೆದುಕೊಳ್ಳುವ ಯಂತ್ರ ಅಡ್ಡಕ್ಕೆ 1 ನಾಟ್‌ಗೇ ಕೊಚ್ಚಿ ಹೋಗುತ್ತದೆ. ಹೊಳೆ ದಾಟಿಸುವ ದೋಣಿಯವರು ನೇರ ಆಚೆ ದಡಕ್ಕೆ ಹುಟ್ಟು ಹಾಕದೆ, ಮೂತಿಯನ್ನು ಮೇಲ್ಹೊಳೆಗೆ ತಿರುಗಿಸಿಕೊಂಡು ಓರೆಯಾಗಿ ದಾಟುವುದು ಇದೇ ಕಾರಣಕ್ಕೆ. ಅವರಿಗೆ ಸಮೀಕರಣ ಬೇಕಾಗಿಲ್ಲ, ತೋಳಿಗೆ ಗೊತ್ತಿರುತ್ತದೆ. ದೋಣಿಯವನಿಗೆ ದಡ ಕಾಣುತ್ತದೆ, ಸಬ್‌ಮರೀನ್‌ನಲ್ಲಿ ಕೂತವನಿಗೆ ಸೆಳೆತ ಯಾವ ಕಡೆಯಿಂದ ಬರುತ್ತಿದೆ ಅಂತಲೂ ಕಾಣುವುದಿಲ್ಲ.

ಮೂರನೆಯದು ಕಲಕು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹೋಗುತ್ತಿರುವ ಒಂದೂವರೆ ಟನ್ ಯಂತ್ರವನ್ನು 50 ಕೆಜಿ ಹಿಂದಕ್ಕೆಳೆದು ನಿಲ್ಲಿಸಲು ಮೂರು ಸೆಕೆಂಡು, ಒಂದೂವರೆ ಮೀಟರ್ ಬೇಕು. ಅದೂ ಎಲ್ಲ ಸರಿ ಇದ್ದರೆ. ಮಳೆಗಾಲದ ಅಳಿವೆಯಲ್ಲಿ ಚಾಚಿದ ಕೈಯೇ ಕಾಣುವುದಿಲ್ಲ. ಬಂಡೆ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಹಾಕುವ ಕಾಲ ಮುಗಿದಿರುತ್ತದೆ. ತಳದ ಹತ್ತಿರ ಹೋಗಿ ಮೇಲಕ್ಕೇರಲು ಥ್ರಸ್ಟರ್ ಒತ್ತಿದರೆ ನೀರು ಕೆಳಕ್ಕೆ ರಾಚಿ ಇದ್ದ ಕೆಸರೆಲ್ಲ ಏಳುತ್ತದೆ. ಅನುಭವಸ್ಥರು ಅದಕ್ಕೇ ಯಂತ್ರವನ್ನು ಒಂಚೂರು ಹಗುರವಾಗಿಯೇ ತೂಗಿಸಿರುತ್ತಾರೆ. ಕೆಳಗೆ ಹಿಡಿದಿಡಲು ಥ್ರಸ್ಟರ್ ಓಡಿಸಿದಾಗ ನೀರು ಮೇಲಕ್ಕೆ ರಾಚುತ್ತದೆ, ಕೆಸರು ಏಳುವುದಿಲ್ಲ. ಕರೆಂಟು ಹೋದರೆ ತಾನಾಗಿ ಮೇಲೆ ಬರುತ್ತದೆ. ಒಂದೇ ನಿರ್ಧಾರಕ್ಕೆ ಎರಡು ಲಾಭ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಬಲೆ. "ಬೋಟಿನ ಫ್ಯಾನಿಗೆ ಬಲೆ ಸಿಕ್ಕಿ ಇಂಜಿನ್ ನಿಂತಿತು" ಅನ್ನುವ ಸುದ್ದಿ ನಮ್ಮ ಕಡೆಯ ಪೇಪರ್ ಓದುವವರಿಗೆ ಹೊಸದಲ್ಲ. ನೂರಾರು ಕುದುರೆ ಶಕ್ತಿಯ ಇಂಜಿನ್ನಿಗೇ ಹಾಗಾದರೆ ನಮ್ಮ ಬ್ಯಾಟರಿ ಮೋಟರ್ ಯಾವ ಲೆಕ್ಕ? ಬೋಟಿನವರು ಮುಳುಗಿ ಕತ್ತರಿಸುತ್ತಾರೆ. ಸಬ್‌ಮರೀನ್‌ನಲ್ಲಿ ಕೂತವನು ಬಾಗಿಲು ತೆಗೆಯುವಂತಿಲ್ಲ. 20 ಮೀಟರ್ ಆಳದಲ್ಲಿ ಅರ್ಧ ಮೀಟರ್ ಅಗಲದ ದುಂಡು ಮುಚ್ಚಳದ ಮೇಲೆ ನಾಲ್ಕು ಟನ್ ಕೂತಿರುತ್ತದೆ.

ಇದು ಬರೀ ಊಹೆಯಲ್ಲ. 2005ರ ಆಗಸ್ಟ್‌ನಲ್ಲಿ ರಷ್ಯಾದ ನೌಕಾಪಡೆಯ ಎಎಸ್-28 ಅನ್ನುವ ಪುಟ್ಟ ಸಬ್‌ಮರೀನ್ ಕಮ್ಚಾಟ್ಕಾ ತೀರದಲ್ಲಿ ಸುಮಾರು 190 ಮೀಟರ್ ಆಳದಲ್ಲಿ ಬಲೆ, ಕೇಬಲ್‌ಗಳಿಗೆ ಸಿಕ್ಕಿಕೊಂಡಿತು. ಒಳಗೆ ಏಳು ಜನ. ಆ ಸಬ್‌ಮರೀನ್ ಇದ್ದದ್ದೇ ಮುಳುಗಿದ ಬೇರೆ ಸಬ್‌ಮರೀನ್‌ಗಳ ಜನರನ್ನು ಕಾಪಾಡಲಿಕ್ಕೆ! ಮೂರು ದಿನ ಕಳೆದ ಮೇಲೆ ಅವರನ್ನು ಬಿಡಿಸಿದ್ದು ಬ್ರಿಟನ್ನಿನಿಂದ ವಿಮಾನದಲ್ಲಿ ತಂದಿಳಿಸಿದ ಸ್ಕಾರ್ಪಿಯೋ 45 ಅನ್ನುವ ಯಂತ್ರ. ಮನುಷ್ಯರಿಲ್ಲದ, ಕೇಬಲ್ ಕಟ್ಟಿದ, ಥ್ರಸ್ಟರ್‌ಗಳಿಂದ ಓಡಾಡುವ ಯಂತ್ರ. ಅದನ್ನು ಓಡಿಸಿದವರು ಮೇಲೆ ಹಡಗಿನಲ್ಲಿ ಕೂತಿದ್ದರು. ಏಳೂ ಜನ ಬದುಕಿ ಬಂದರು.

ಈ ನಾಲ್ಕು ಲೆಕ್ಕವನ್ನೂ ಮತ್ತೊಮ್ಮೆ ನೋಡಿ. ಒಂದೂವರೆ ಟನ್ ಬಂದದ್ದು ಎಲ್ಲಿಂದ? ಒಳಗೆ ಒಬ್ಬ ಮನುಷ್ಯ, ಅವನು ಉಸಿರಾಡುವ ಗಾಳಿ, ಆ ಗಾಳಿಯನ್ನು ಕಾಯುವ ಉಕ್ಕಿನ ಡ್ರಮ್ಮು, ಆ ಡ್ರಮ್ಮನ್ನು ಮುಳುಗಿಸಲು ಸೀಸ. ಮನುಷ್ಯನನ್ನು ದಡಕ್ಕೆ ಕಳಿಸಿದರೆ ಇವೆಲ್ಲ ಒಟ್ಟಿಗೇ ಹೋಗುತ್ತವೆ. ಉಳಿಯುವುದು ಹತ್ತು ಹನ್ನೊಂದು ಕೆಜಿಯ ಒಂದು ಚೌಕಟ್ಟು, ಒಂದು ಕ್ಯಾಮೆರಾ, ಆರು ಥ್ರಸ್ಟರ್, ಒಂದು ಕೇಬಲ್. ಸೀಟು ಬೇಕಾಗಿಲ್ಲ ಅಂತ ಮೊದಲೇ ಹೇಳಿದ್ದು ಇದನ್ನೇ. ಅಮೆರಿಕದ ಬ್ಲೂ ರೊಬೊಟಿಕ್ಸ್‌ನವರ ಬ್ಲೂಆರ್‌ಓವಿ2 ಹೀಗೆಯೇ ಇದೆ. ನಾಲ್ಕು ಥ್ರಸ್ಟರ್ ಓರೆಯಾಗಿ, ಎರಡು ನೆಟ್ಟಗೆ. ಓರೆ ಇರುವುದರಿಂದ ಅದು ಅಡ್ಡಕ್ಕೂ ಚಲಿಸುತ್ತದೆ, ಏಡಿಯ ಹಾಗೆ. ಯಾವ ಥ್ರಸ್ಟರ್ ಎಷ್ಟು ತಿರುಗಬೇಕು ಅನ್ನುವುದು ಒಂದು ಪುಟ್ಟ ಮ್ಯಾಟ್ರಿಕ್ಸ್ ಗುಣಾಕಾರ, ಆಳ ಕಾಪಾಡುವುದು ಒಂದು ಪಿಐಡಿ ಲೂಪ್. ಅದರ ಸಾಫ್ಟ್‌ವೇರ್ ಮುಕ್ತವಾಗಿ ಸಿಗುತ್ತದೆ. ನೀರು ಬದಲಾದಾಗ ಆಗುವ ವ್ಯತ್ಯಾಸ ಇಲ್ಲಿ 37 ಕೆಜಿ ಅಲ್ಲ, ಕಾಲು ಕೆಜಿ. ಬಲೆಗೆ ಸಿಕ್ಕಿದರೆ ಕೇಬಲ್ ಹಿಡಿದು ಎಳೆಯಿರಿ, ಬರದಿದ್ದರೆ ಹೋಗುವುದು ದುಡ್ಡು ಮಾತ್ರ.

"ಅದೆಲ್ಲ ಸರಿ, ಇದರಿಂದ ಊರಿಗೇನು ಉಪಯೋಗ?" ಅಂತ ಕೇಳುವವರಿಗೆ ಎರಡು ನೆನಪು.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಪತ್ತೆ ಮಾಡಿದಾಗ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಏಳು ಮನೆಗಳು ಕಾಯುತ್ತಾ ಕೂತಿದ್ದವು. ಬದುಕಿದ್ದಾರೋ, ಯಾರಾದರೂ ಎಳೆದುಕೊಂಡು ಹೋದರೋ, ಏನೊಂದೂ ಗೊತ್ತಿಲ್ಲ. ಆ ಕಾಯುವಿಕೆ ಎಂಥದ್ದು ಅಂತ ಕಡಲ ಕರೆಯ ಜನರಿಗೆ ಹೇಳಬೇಕಾಗಿಲ್ಲ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಹೆಜಮಾಡಿಯನ್ನು ಸೀಳಿಕೊಂಡು ಹೋಗುವ ಇದೇ ಹೆದ್ದಾರಿ 66ರ ಮೇಲೆ ಗುಡ್ಡ ಜರಿಯಿತು. ಗಂಗಾವಳಿ ಹೊಳೆಗೆ ಬಿದ್ದ ಲಾರಿ, ಅದರ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜರ್ ತರಿಸಿದ ಮೇಲೆ. ಮಧ್ಯದಲ್ಲಿ ಸೆಳೆತಕ್ಕೆ ನೌಕಾಪಡೆಯ ಮುಳುಗುಗಾರರೇ ಇಳಿಯಲಾಗದೆ ಕಾದ ದಿನಗಳಿದ್ದವು. ನಮ್ಮ ಈಶ್ವರ್ ಮಲ್ಪೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆ ಕೆಂಪು ನೀರಿಗೆ ಹಾರಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿ ಭೇಷ್ ಅಂದೆವು. ಅವರ ಎದೆಗಾರಿಕೆಗೆ ಕೈಮುಗಿಯುತ್ತೇನೆ. ಆದರೆ ಪ್ರತಿ ಸಲವೂ ಒಬ್ಬ ಮನುಷ್ಯನ ಎದೆಗಾರಿಕೆಯ ಮೇಲೇ ಕಣ್ಣು ಕಾಣದ ನೀರಿನ ಮೊದಲ ಹುಡುಕಾಟ ನಿಂತಿರಬೇಕಾ?

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ನಾನು ಹೊಗಳುತ್ತಿರುವ ಈ ಚಿಕ್ಕ ಯಂತ್ರ ಆ ಜುಲೈನ ಗಂಗಾವಳಿಯಲ್ಲಿ ಸೋಲುತ್ತಿತ್ತು. ಬ್ಲೂಆರ್‌ಓವಿ2ರ ಗರಿಷ್ಠ ವೇಗ ಸೆಕೆಂಡಿಗೆ ಒಂದೂವರೆ ಮೀಟರ್, ಅಂದರೆ 3 ನಾಟ್. ಅದಕ್ಕಿಂತ ಜೋರಾದ ಹರಿವಿನಲ್ಲಿ ಅದು ಗಾಳಿಪಟ. ಕೇಬಲ್ಲನ್ನೂ ನೀರು ಎಳೆಯುತ್ತದೆ, ಅದು ಬೇರೆ. ಆದರೆ ಸೋಲುತ್ತದೆ ಅಂತ ಇಳಿಸುವ ಮುಂಚೆಯೇ ಗೊತ್ತಿರುತ್ತದೆ, ಸೆಳೆತ ಇಳಿದ ದಿನ ಮನುಷ್ಯನಿಗಿಂತ ಮೊದಲು ಅದನ್ನು ಕಳಿಸಬಹುದು. ನನ್ನ ವಾದಕ್ಕೆ ಅಷ್ಟು ಸಾಕು.

"ಯಂತ್ರ ಕಳಿಸಿ ದಡದಲ್ಲಿ ಸ್ಕ್ರೀನ್ ನೋಡುವುದರಲ್ಲಿ ಏನು ಥ್ರಿಲ್ ಇದೆ?" ಅನ್ನುವುದು ಇನ್ನೊಂದು ಆಕ್ಷೇಪ. ಒಪ್ಪಿದೆ. ನೀರೊಳಗೆ ಸ್ವಂತ ಕಣ್ಣಿಂದ ನೋಡುವ ಆಸೆ ಸಣ್ಣದಲ್ಲ. ಚೆನ್ನೈನ ಎನ್‌ಐಓಟಿ ಕಟ್ಟುತ್ತಿರುವ ಮತ್ಸ್ಯ 6000 ಮೂರು ಜನರನ್ನು 6,000 ಮೀಟರ್‌ಗೆ ಕರೆದೊಯ್ಯಲಿಕ್ಕೆ ಇರುವಂಥದ್ದು. 2025ರ ಆರಂಭದಲ್ಲಿ ಕಾಟ್ಟುಪಳ್ಳಿ ಬಂದರಿನಲ್ಲಿ ಅದನ್ನು ನೀರಿಗಿಳಿಸಿ ಪರೀಕ್ಷಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮವರಿಬ್ಬರು ಫ್ರಾನ್ಸಿನ ನಾಟೀಲ್‌ನಲ್ಲಿ ಕೂತು ಇಳಿದರು, ಒಬ್ಬರು 4,025 ಮೀಟರ್‌ಗೆ, ಇನ್ನೊಬ್ಬರು 5,002 ಮೀಟರ್‌ಗೆ. ನನಗೂ ರೋಮಾಂಚನ ಆಯಿತು. ಆದರೆ ಆ ಯೋಜನೆಯ ಕ್ರಮ ನೋಡಿ. ಟೈಟೇನಿಯಂ ಗೋಳ, 96 ಗಂಟೆಯ ತುರ್ತು ಗಾಳಿ, ಮೊದಲು ಬಂದರಿನ ನೀರು, ಆಮೇಲೆ ಆಳ. ಇದು ಹಿತ್ತಿಲಲ್ಲಿ ಆಗುವ ಕೆಲಸವಲ್ಲ. ಹಿತ್ತಿಲಲ್ಲಿ ಆಗುವ ಕೆಲಸ ಇನ್ನೊಂದು ಇದೆ ಅನ್ನುತ್ತಿದ್ದೇನೆ.

ಅದಕ್ಕೆ ಬೇಕಾದ್ದು ನಮ್ಮಲ್ಲಿ ಏನಿಲ್ಲ ಹೇಳಿ? ಸುರತ್ಕಲ್‌ನಿಂದ ಮಣಿಪಾಲದ ತನಕ ಒಂದು ಬಸ್ಸಿನ ದಾರಿಯಲ್ಲಿ ಎಷ್ಟು ಇಂಜಿನಿಯರಿಂಗ್ ಕಾಲೇಜುಗಳಿವೆ! ಕೊಚ್ಚಿಯ ಐರೋವ್ ಅನ್ನುವ ಪುಟ್ಟ ಕಂಪೆನಿ ಇಂಥದೇ ಯಂತ್ರ ಮಾಡಿ 2018ರಲ್ಲೇ ಡಿಆರ್‌ಡಿಓದ ಎನ್‌ಪಿಓಎಲ್‌ಗೆ ಕೊಟ್ಟಿತು. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ 62 ಟನ್ ಎಳೆತದ ಟಗ್‌ಗಳನ್ನು ಕಟ್ಟಿದೆ. ಆ 62 ಟನ್ ಅಳೆಯುವ ವಿಧಾನ ಗೊತ್ತಾ? ದಡದ ಗೂಟಕ್ಕೆ ಹಗ್ಗ ಕಟ್ಟಿ, ಪೂರ್ತಿ ಜೋರಿನಲ್ಲಿ ಎಳೆಸಿ, ಹಗ್ಗದ ಬಿಗಿ ನೋಡುವುದು. ನಮ್ಮ ಥ್ರಸ್ಟರ್‌ಗೂ ಅದೇ ಪರೀಕ್ಷೆ ಸಾಕು, ಟನ್ನಿನ ಬದಲು ಲಗೇಜು ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಆಯಿತು.

ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ತಮ್ಮಂದಿರು, ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ರಿಪೋರ್ಟಿನ ಮೊದಲ ಪುಟದಲ್ಲಿ "ಎಷ್ಟು ಆಳ" ಅಂತ ಬರೆಯಬೇಡಿ. ಮೂರು ಉತ್ತರ ಬರೆಯಿರಿ. ಗೂಟಕ್ಕೆ ಕಟ್ಟಿದಾಗ ಎಷ್ಟು ಕೆಜಿ ಎಳೆಯಿತು? ಎಷ್ಟು ನಾಟ್ ಹರಿವಿನಲ್ಲಿ, ಎದುರಿಗೆ ಮತ್ತು ಅಡ್ಡಕ್ಕೆ, ಅದು ಸೋಲುತ್ತದೆ? ಕರೆಂಟು ಹೋದರೆ ಅದು ಮೇಲೆ ಬರುತ್ತದಾ, ಕೆಳಗೆ ಹೋಗುತ್ತದಾ? ಮೊದಲು ಈಜುಕೊಳ, ಆಮೇಲೆ ಬೇಸಿಗೆಯ ಹೊಳೆ, ಎಲ್ಲ ಸರಿಯಾದ ಮೇಲೆ ಕೋಡಿ. ಅಲ್ಲಿಗೆ ಬರುವಾಗ ಊರಿನ ದೋಣಿಯವರೊಬ್ಬರನ್ನು ಕೂರಿಸಿಕೊಂಡು, ಇವತ್ತು ನೀರು ಹೇಗಿದೆ ಅಂತ ಕೇಳಿಯೇ ಇಳಿಸಿ.

ಲೆಕ್ಕದಲ್ಲಿ ಎಲ್ಲಾದರೂ ತಕರಾರಿದ್ದರೆ ಹೇಳಿ, ಕೂತು ಜಗಳ ಆಡೋಣ. ಅಷ್ಟರಲ್ಲಿ ಯಾರಾದರೂ ಇಂಥದೊಂದು ಕಟ್ಟಿದ್ದರೆ ಇನ್ನೂ ಸಂತೋಷ. ನೋಡಲು ನಾನು ಬೆಂಗಳೂರಿನಿಂದ ರಾತ್ರಿ ಬಸ್ಸಿಗೇ ಬರುತ್ತೇನೆ.